ಸಹಿ ಹಾಕುವ ಕೈ ಯಾರದಪ್ಪಾ?

‘ನಿನ್ನ ಕೈ ಸೇದ್ಹೋಗ’ ಎಂದು ನಮ್ಮ ಅಜ್ಜಿಯರು ಜಗಲಿಯಲ್ಲಿ ಕೂತು ಹಾಕುವ ಶಾಪಕ್ಕೆ ರಾಜಕೀಯದಲ್ಲಿ ಸ್ಥಾನಮಾನ ಕೊಡಿಸಿದವರು ಜರ್ಮನಿಯ ಪ್ರಧಾನಿ ಶೈಡೆಮನ್. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಗೆದ್ದವರು ಬರೆದ ವರ್ಸೇಲ್ಸ್ ಶಾಂತಿ ಒಪ್ಪಂದದ ಕರಡು ಕೈಸೇರಿ ಐದೇ ದಿನಕ್ಕೆ, 1919ರ ಮೇ 12ರಂದು, ಇಂಥ ಸಂಕೋಲೆ ತೊಡಿಸುವ ಕೈ ಒಣಗದೆ ಇದ್ದೀತೇ ಎಂದು ಗುಡುಗಿದರು. ಅಂದಿನಿಂದ ದೇಶಕ್ಕೆ ದೇಶವೇ ತನ್ನ ಕೈ ಜೇಬಿಗಿಳಿಸಿ ಪಕ್ಕದವನ ಕೈ ನೋಡತೊಡಗಿತು. ಶೈಡೆಮನ್ನರಂತೂ ಜೂನ್ 20ಕ್ಕೆ ರಾಜೀನಾಮೆ ಬಿಸಾಕಿ ಕೈ ಉಳಿಸಿಕೊಂಡರು.

ಅಂದಹಾಗೆ, ಇದೇ ಜರ್ಮನಿ 1918ರ ಮಾರ್ಚ್‌ನಲ್ಲಿ ಬ್ರೆಸ್ಟ್-ಲಿಟೋವ್‌ಸ್ಕ್‌ನಲ್ಲಿ ಶಾಂತಿ ಒಪ್ಪಂದದ ಹೆಸರಲ್ಲಿ ರಷ್ಯಾದಿಂದ ಪೋಲೆಂಡ್, ಬಾಲ್ಟಿಕ್, ಉಕ್ರೇನ್ ಕಿತ್ತುಕೊಂಡು, ಆಗಸ್ಟ್‌ನಲ್ಲಿ ಅದರ ಮೇಲೆ 600 ಕೋಟಿ ಮಾರ್ಕ್ ಬರೆಸಿಕೊಂಡಾಗ ಯಾವ ಕೈಗೂ ಏನೂ ಆಗಿರಲಿಲ್ಲ. ಆ ಒಪ್ಪಂದ ಸಂಸತ್ತಿಗೆ ಬಂದಾಗ ಶೈಡೆಮನ್ನರ ಪಕ್ಷ ಪರವೂ ಅಲ್ಲ, ವಿರೋಧವೂ ಅಲ್ಲ; ತಟಸ್ಥ!

ಕೈಗೆ ನಿಜವಾಗಿ ಕೆಲಸ ಕೊಟ್ಟವರು ಜರ್ಮನ್ ನೌಕಾಪಡೆಯವರು. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಬಂದರಿನಲ್ಲಿ ಬ್ರಿಟಿಷರ ಕಾವಲಲ್ಲಿದ್ದ 74 ಹಡಗುಗಳಲ್ಲಿ 52ನ್ನು ಜೂನ್ 21ರಂದು ತಾವೇ ಮುಳುಗಿಸಿದರು. ತಳದ ಕವಾಟ ತಿರುಗಿಸು, ಒಳಬಾಗಿಲು ತೆರೆದಿಡು, ಕಿಟಕಿ ತೆರೆದಿಡು. ಒಂದು ಕೋಣೆಗೆ ನುಗ್ಗಿದ ನೀರು ಇನ್ನೊಂದಕ್ಕೆ ಹರಿಯುತ್ತದೆ, ಹಡಗು ವಾಲುತ್ತದೆ. ಊರೆಲ್ಲ ಶಹಬ್ಬಾಸ್ ಅಂದಿತು. ಮಿತ್ರಕೂಟ ಬಿಲ್ಲು ಕಳಿಸಿತು: ತೇಲುವ ಡಾಕ್, ಕ್ರೇನು, ಟಗ್ಗು ಎಂದು 4 ಲಕ್ಷ ಟನ್.

ಅತ್ತ ಜೂನ್ 22ರಂದು ರಾಷ್ಟ್ರೀಯ ಸಭೆ 237–138 ಮತಗಳಿಂದ ‘ಒಪ್ಪಿಗೆ, ಆದರೆ ಯುದ್ಧದ ಹೊಣೆಯ 231ನೇ ವಿಧಿ ಬೇಡ’ ಎಂದಿತು. ಚೌಕಾಸಿ ನಡೆಯಲಿಲ್ಲ. ಮರುದಿನ ಸಂಜೆ 7ಕ್ಕೆ ಗಡುವು. ಅಧ್ಯಕ್ಷ ಎಬರ್ಟ್ ಸೇನಾ ಕಚೇರಿಗೆ ಫೋನಾಯಿಸಿದರು: ಕಾದಾಡಲು ಆದೀತೇ? ಆಗದೆಂದು ಸೇನಾ ಮುಖ್ಯಸ್ಥ ಹಿಂಡೆನ್‌ಬರ್ಗ್ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಉತ್ತರವನ್ನು ತಮ್ಮ ಸಹಾಯಕ ಜನರಲ್ ಗ್ರೋನರ್ ತಲೆಗೆ ಕಟ್ಟಿ, ಮೆಲ್ಲಗೆ ಕೋಣೆಯಿಂದ ಆಚೆ ಹೋದರು. ಎಂಥ ಯುದ್ಧತಂತ್ರ! ಸಭೆಯಲ್ಲಿ ಬಲಪಂಥೀಯರು, ಹೌದೆನ್ನುವವರೂ ದೇಶಭಕ್ತರೇ ಎಂದು ಸರ್ಟಿಫಿಕೇಟು ಕೊಟ್ಟರು. ಒಪ್ಪಿಗೆ ಸಿಕ್ಕಿ ಹೊಳೆ ದಾಟಿದ್ದೇ ತಡ, ಅಂಬಿಗ ದೇಶದ್ರೋಹಿಯಾದ.

ನವೆಂಬರ್‌ನಲ್ಲಿ ಅದೇ ಹಿಂಡೆನ್‌ಬರ್ಗ್, ಸೇನೆಯ ಬೆನ್ನಿಗೆ ಚೂರಿ ಹಾಕಿದರೆಂದು ವಿಚಾರಣಾ ಸಮಿತಿಯ ಮುಂದೆ ಹೇಳಿದರು. ಹಾಕಿದವರು ಯಾರು ಸ್ವಾಮಿ, ನೀವು ಫೋನಿನ ಹತ್ತಿರ ಬಿಟ್ಟುಹೋದವರೇ? ಕದನವಿರಾಮಕ್ಕೆ ಸಹಿ ಹಾಕಿ, ಸಂಧಿಗೂ ಒಪ್ಪಿಸಿದ ರಾಜಕಾರಣಿ ಎರ್ಜ್‌ಬರ್ಗರ್ ಅವರನ್ನು 1921ರ ಆಗಸ್ಟ್‌ನಲ್ಲಿ ವಾಕಿಂಗ್ ಹೋದಲ್ಲೇ ಗುಂಡಿಕ್ಕಿ ಕೊಂದರು. ಕೋಣೆ ಬಿಟ್ಟವರು 1925ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಥೂ.

1930ರ ಮಾರ್ಚ್‌ನಲ್ಲಿ ಜರ್ಮನಿ ತೆರಬೇಕಿದ್ದ ಯುದ್ಧಪರಿಹಾರದ ಕಂತು ಮರುನಿಗದಿಯಾದ ಯಂಗ್ ಯೋಜನೆಯ ಕಾಯಿದೆ ಅವರ ಮೇಜಿಗೇ ಬಂತು. ಸಹಿ ಹಾಕಲೇಬೇಕಾಯಿತು. ಆಗ ಚಾನ್ಸೆಲರ್ ಆಗಿದ್ದವರು ಹರ್ಮನ್ ಮುಲ್ಲರ್. 1919ರ ಜೂನ್ 28ರಂದು ವರ್ಸೇಲ್ಸ್‌ನಲ್ಲಿ ಸಹಿ ಹಾಕಿದ ಇಬ್ಬರಲ್ಲಿ ಒಬ್ಬರು. ಅವರ ಕೈ ನೆಟ್ಟಗೇ ಇತ್ತು.