ರ‍್ಯಾನ್ಸಮ್ ಮತ್ತು ನಮ್ಮ ‘ಋಣಸಮ’ ಪಂಡಿತರು

ನೆಂಟರ ವಾಟ್ಸಾಪ್ ಗುಂಪಿನಲ್ಲಿ ಈಗಷ್ಟೇ ಒಂದು ಫಾರ್ವರ್ಡ್ ಬಂದಿದೆ. ಇಂಗ್ಲಿಷಿನ ‘ರ‍್ಯಾನ್ಸಮ್’ (ಸೆರೆಸಿಕ್ಕವರನ್ನು ಬಿಡಿಸೋಕೆ ಕೊಡುವ ಒತ್ತೆಹಣ) ನಮ್ಮ ‘ಋಣಸಮ’ದಿಂದ ಹುಟ್ಟಿದ್ದಂತೆ. ಹೆಮ್ಮೆಯಿಂದ ಶೇರ್ ಮಾಡಬೇಕಂತೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಇಂಥದ್ದು ಕಂಡರೆ ಮೈ ಉರಿಯುತ್ತದೆ. ಡಿಕ್ಷನರಿ ಅದೇ ಫೋನಿನಲ್ಲಿದೆ ಮಾರಾಯ್ರೆ, ತೆಗೆದು ನೋಡೋಕೆ ಏನು ಕಷ್ಟ?

ಲ್ಯಾಟಿನ್ನಿನಲ್ಲಿ ‘ಎಮೆರೆ’ ಅಂದರೆ ಕೊಳ್ಳುವುದು. ‘ರೆದಿಮೆರೆ’ ಅಂದರೆ ಮರಳಿ ಕೊಳ್ಳುವುದು. ಅದರಿಂದ ‘ರೆದೆಂಪ್ತಿಯೊ’. ಫ್ರೆಂಚರ ಬಾಯಲ್ಲಿ ಅದು ಸವೆದು ಸವೆದು ‘ರಾನ್ಸೋಂ’ ಆಯಿತು. ಅಲ್ಲಿಂದ ಇಂಗ್ಲಿಷಿಗೆ ಹೋಗಿ ರ‍್ಯಾನ್ಸಮ್. ಮಜಾ ಏನು ಗೊತ್ತಾ? ಅದೇ ಲ್ಯಾಟಿನ್ ಪದ ಅಷ್ಟಾಗಿ ಸವೆಯದೆ ಇನ್ನೊಂದು ಸಲ ಇಂಗ್ಲಿಷಿಗೆ ಬಂತು, ‘ರಿಡೆಂಪ್ಷನ್’ ಆಗಿ. ಚರ್ಚಿನಲ್ಲಿ ಪಾಪದಿಂದ ಬಿಡುಗಡೆ, ಅಪಹರಣಕಾರರ ಹತ್ತಿರ ಒತ್ತೆಹಣ. ಎರಡಕ್ಕೂ ಮೂಲ ಒಂದೇ! ಬ್ಯಾಂಕಿನಲ್ಲಿ ಅಡವಿಟ್ಟ ಬಳೆಯನ್ನು ನಾವು ಬಿಡಿಸಿಕೊಂಡು ಬರುತ್ತೇವಲ್ಲ, ಇಂಗ್ಲಿಷಿನವರು ಅದಕ್ಕೂ ‘ರಿಡೀಮ್’ ಅನ್ನುತ್ತಾರೆ. ನಮ್ಮಮ್ಮನ ಬಳೆ ಹಾಗೆ ಎಷ್ಟು ಸಲ ಹೋಗಿ ಬಂದಿದೆಯೋ. ನನ್ನ ಕಾಲೇಜು ಫೀಸು ಬಂದದ್ದೇ ಅಲ್ಲಿಂದ.

ಇಷ್ಟನ್ನು ಗುಂಪಿನಲ್ಲಿ ಬರೆದೆ. “ಲ್ಯಾಟಿನ್ನೂ ಸಂಸ್ಕೃತವೂ ಒಂದೇ ಕುಟುಂಬ ಅಲ್ವಾ?” ಅಂದರು ಚಿಕ್ಕಪ್ಪ. ಹೌದು ಚಿಕ್ಕಪ್ಪ. ದಾಯಾದಿಗಳು ಅಂದ ಮಾತ್ರಕ್ಕೆ ಅವರ ಮನೆ ಪಾತ್ರೆಗಳೆಲ್ಲ ನಮ್ಮವಾಗುತ್ತವಾ? ಕಿವಿಗೆ ಒಂದೇ ಥರ ಕೇಳಿಸಿತು ಅಂತ ನಂಟು ಕಟ್ಟುವುದಾದರೆ ನಾನೂ ದಿನಕ್ಕೊಂದು ಕಟ್ಟಬಲ್ಲೆ. “ಅಭಿಮಾನ ಇದ್ದರೆ ತಪ್ಪೇನು?” ಅಂದರು ಇನ್ನೊಬ್ಬರು. ಸುಳ್ಳು ಹೇಳದೆ ಅಭಿಮಾನ ಪಡೋಕೆ ನಮ್ಮಲ್ಲಿ ಏನೂ ಇಲ್ವಾ?

ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ಪದ ನಮ್ಮದು ಅಂದುಬಿಟ್ಟರೆ ಅದರ ಕಥೆ ಯಾರಿಗೂ ಬೇಡ. ಎಂಥ ಕಥೆ ಅಂತೀರಿ! ಇಂಗ್ಲೆಂಡಿನ ರಾಜ ಒಂದನೇ ರಿಚರ್ಡ್ ಕ್ರೈಸ್ತರ ಧರ್ಮಯುದ್ಧವಾದ ಕ್ರುಸೇಡ್‌ನಿಂದ ವೇಷ ಮರೆಸಿಕೊಂಡು ವಾಪಸ್ ಬರುತ್ತಿದ್ದ. 1192ರ ಡಿಸೆಂಬರಿನಲ್ಲಿ ವಿಯೆನ್ನಾ ಹತ್ತಿರ ಸಿಕ್ಕಿಬಿದ್ದ. ಹಿಡಿದ ಆಸ್ಟ್ರಿಯಾದ ಡ್ಯೂಕ್ ಲಿಯೋಪೋಲ್ಡ್ ಅವನನ್ನು ಜರ್ಮನಿಯ ಚಕ್ರವರ್ತಿ ಆರನೇ ಹೆನ್ರಿಗೆ ಒಪ್ಪಿಸಿದ. ಬಿಡುಗಡೆಗೆ ಕೇಳಿದ ಬೆಲೆ 1,50,000 ಮಾರ್ಕ್ (ಆ ಕಾಲದ ತೂಕದ ಅಳತೆ) ಬೆಳ್ಳಿ. ತಾಯಿ ಎಲಿಯನೋರ್ ದುಡ್ಡು ಹೊಂದಿಸೋಕೆ ನಿಂತಳು. ಜನರ ಆದಾಯದಲ್ಲಿ ಕಾಲು ಭಾಗ ತೆರಿಗೆಗೆ ಹೋಯಿತು. ಚರ್ಚುಗಳ ಬೆಳ್ಳಿ ಪಾತ್ರೆ ಹೋಯಿತು. ಸಿಸ್ಟರ್ಸಿಯನ್ ಸನ್ಯಾಸಿಗಳ ಹತ್ತಿರ ಕೊಡೋಕೆ ಇದ್ದದ್ದು ಉಣ್ಣೆ, ಅದನ್ನೂ ಬಿಡಲಿಲ್ಲ.

ತಮ್ಮ ಜಾನ್ ಏನು ಮಾಡಿದ ಗೊತ್ತಾ? ಫ್ರಾನ್ಸಿನ ರಾಜನ ಜೊತೆ ಸೇರಿಕೊಂಡು, “ಅಣ್ಣನನ್ನು ಇನ್ನೂ ಸ್ವಲ್ಪ ದಿನ ಒಳಗೇ ಇಟ್ಟುಕೊಳ್ಳಿ, ದುಡ್ಡು ನಾವು ಕೊಡುತ್ತೇವೆ” ಅಂತ ಚಕ್ರವರ್ತಿಗೆ ಹೇಳಿ ಕಳಿಸಿದ. ಒಡಹುಟ್ಟಿದವರು!

1194ರ ಫೆಬ್ರವರಿಯಲ್ಲಿ ರಿಚರ್ಡ್‌ಗೆ ಬಿಡುಗಡೆ ಆಯಿತು. ಮಾರ್ಚಿನಲ್ಲಿ ಇಂಗ್ಲೆಂಡಿಗೆ ಬಂದ, ಮೇ ತಿಂಗಳಲ್ಲಿ ಮತ್ತೆ ಹೊರಟ. ಸಾಯುವವರೆಗೂ ಆ ಕಡೆ ತಲೆ ಹಾಕಲಿಲ್ಲ. ಕಾಲು ಭಾಗ ಕಟ್ಟಿದವರು ಮನೆಯಲ್ಲಿ ಕೂತು ಎಷ್ಟು ಬೈದುಕೊಂಡರೋ.