ಹಿಮ ಬಿದ್ದ ಡಬ್ಬಿ

ನಮ್ಮ ಅಜ್ಜಿಯ ಮನೆಯಲ್ಲಿ ಕ್ರಿಸ್‌ಮಸ್ ಹಬ್ಬವನ್ನು ಯಾರೂ ಆಚರಿಸಿದವರಲ್ಲ. ಆದರೂ ವರ್ಷದ ಹನ್ನೆರಡು ತಿಂಗಳೂ ಆ ಹಬ್ಬ ಅಲ್ಲಿನ ಮರದ ಬೀರುವಿನ ಮೇಲರೆಯಲ್ಲಿ ಕುಳಿತಿರುತ್ತಿತ್ತು. ಅದೊಂದು ಚೌಕಾಕಾರದ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಎರಡು ಕುದುರೆ ಕಟ್ಟಿದ ಸಾರೋಟು, ಅದರ ಹಿಂದೆ ಇಳಿಜಾರು ಮಾಡಿನ ನಾಲ್ಕಾರು ಮನೆಗಳು, ಒಂದು ಇಗರ್ಜಿಯ ಗೋಪುರ, ಎಲ್ಲದರ ಮೇಲೂ ದಪ್ಪನೆಯ ಹಿಮ. ಹಿಮವನ್ನು ಕಂಡರಿಯದ ಅಜ್ಜಿ ಅದನ್ನು ಸುಣ್ಣವೆಂದೇ ನಂಬಿದ್ದಳು. ಗೋಡೆಗೆ ಬಳಿಯಬೇಕಾದ ಸುಣ್ಣವನ್ನು ಮಾಡಿಗೆ ಬಳಿದುಕೊಂಡಿದ್ದ ಆ ಜನರ ಬಗ್ಗೆ ಅವಳಿಗೆ ತುಸು ಕನಿಕರವೂ ಇತ್ತು. ಡಬ್ಬಿಯೊಳಗೆ ಕಂದಾಯದ ರಸೀದಿಗಳು, ಅಡಿಕೆ ಮಂಡಿಯ ಪಟ್ಟಿಗಳು ಮತ್ತು ಯಾರದೆಂದು ಯಾರಿಗೂ ನೆನಪಿಲ್ಲದ ಒಂದು ಜಾತಕ ಇದ್ದವು. ಆಷಾಢದ ಮಳೆಗೆ ಗೋಡೆಗಳೇ ಬೆವರುವ ಮಲೆನಾಡಿನಲ್ಲಿ ಆ ಕಾಗದಗಳು ಗರಿಗರಿಯಾಗಿ ಉಳಿದದ್ದು ಆ ಮುಚ್ಚಳದ ಬಿಗಿಯಿಂದ. ಡಬ್ಬಿ ಮನೆಗೆ ಬಂದದ್ದು ಹೇಗೆ ಎಂಬುದಕ್ಕೆ ಮೂರು ಕಥೆಗಳಿದ್ದವು; ಮೂರರಲ್ಲೂ ಅದರೊಳಗಿದ್ದ ಬಿಸ್ಕತ್ತಿನ ರುಚಿಯ ಬಗ್ಗೆ ಒಂದೇ ಒಂದು ಮಾತಿರಲಿಲ್ಲ.

ಇಂಥ ಡಬ್ಬಿಗಳ ಮೂಲವನ್ನು ಹುಡುಕಿಕೊಂಡು ಹೊರಟವರು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಇಳಿಯಲೇಬೇಕು. ಜೋಸೆಫ್ ಹಂಟ್ಲಿ ಎಂಬಾತ ಅಲ್ಲಿ 1822ರಲ್ಲಿ ಬಿಸ್ಕತ್ತಿನ ಅಂಗಡಿ ತೆರೆದ. ಅಂಗಡಿಯ ಎದುರಿಗೇ ಲಂಡನ್ನಿನಿಂದ ಬಾತ್ ಊರಿಗೆ ಹೋಗುವ ಸಾರೋಟುಗಳು ತಂಗುವ ಒಂದು ವಸತಿಗೃಹವಿತ್ತು. ಕುದುರೆ ಬದಲಾಯಿಸುವಷ್ಟು ಹೊತ್ತಿನಲ್ಲಿ ಪ್ರಯಾಣಿಕರಿಗೆ ಬಿಸ್ಕತ್ತು ಮಾರುವುದೇನೋ ಸುಲಭವಾಯಿತು. ಆದರೆ ಅಂದಿನ ರಸ್ತೆಯ ಕುಲುಕಾಟಕ್ಕೆ ಕಾಗದದ ಪೊಟ್ಟಣದೊಳಗಿನ ಬಿಸ್ಕತ್ತು ಮುಂದಿನ ಊರು ಮುಟ್ಟುವುದರೊಳಗೆ ಪುಡಿಯಾಗುತ್ತಿತ್ತು. ಹಂಟ್ಲಿಯ ಕಿರಿಯ ಮಗ ಕಬ್ಬಿಣದ ಸಾಮಾನಿನ ವ್ಯಾಪಾರಿ. ಅಪ್ಪನ ಬಿಸ್ಕತ್ತಿಗೆ ಮಗ ತಗಡಿನ ಡಬ್ಬಿ ಮಾಡಿಕೊಟ್ಟ. ಮುಂದೆ ಅಪ್ಪನ ಅಂಗಡಿ ‘ಹಂಟ್ಲಿ ಅಂಡ್ ಪಾಮರ್ಸ್’ ಎಂಬ ಹೆಸರಿನಲ್ಲಿ ಜಗತ್ತಿನ ದೊಡ್ಡ ಬಿಸ್ಕತ್ತು ಕಾರ್ಖಾನೆಗಳಲ್ಲೊಂದಾಗಿ ಬೆಳೆದರೆ, ಮಗನ ಅಂಗಡಿ ಡಬ್ಬಿಗಳ ಕಾರ್ಖಾನೆಯಾಯಿತು. ಹೀಗೆ ಒಂದೇ ಮನೆತನದಲ್ಲಿ ತಿನಿಸೂ ಅದರ ಉಡುಪೂ ಬೇರೆ ಬೇರೆ ಉದ್ಯಮಗಳಾಗಿ ಪಾಲಾದವು.

ಡಬ್ಬಿ ಹುಟ್ಟಿದ್ದು ಅಲಂಕಾರಕ್ಕಲ್ಲ, ಮುರಿಯದಿರಲಿ ಎಂದು. ಮೊದಲು ಅದರ ಮೇಲಿದ್ದದ್ದು ಅಂಟಿಸಿದ ಕಾಗದದ ಚೀಟಿಯಷ್ಟೇ. ಚಿತ್ರಾಲಂಕಾರದ ಮೊದಲ ಡಬ್ಬಿಯನ್ನು ಈ ಕಂಪನಿ ಹೊರತಂದದ್ದು 1868ರಲ್ಲಿ. ತಗಡಿನ ಮೇಲೆ ಬಣ್ಣದ ಚಿತ್ರ ಅಚ್ಚು ಮಾಡುವುದು ಆಗ ಸುಲಭದ ಕೆಲಸವಾಗಿರಲಿಲ್ಲ. ಚಿತ್ರ ಬರೆದ ಅಚ್ಚುಕಲ್ಲೂ ಗಟ್ಟಿ, ತಗಡೂ ಗಟ್ಟಿ. ಎರಡು ಗಟ್ಟಿಗಳು ಎದುರಾದರೆ ಬಣ್ಣ ಸರಿಯಾಗಿ ಹಿಡಿಯದು. 1875ರಲ್ಲಿ ರಾಬರ್ಟ್ ಬಾರ್‌ಕ್ಲೇ ಎಂಬ ಮುದ್ರಕ ಇದಕ್ಕೊಂದು ಉಪಾಯ ಹೂಡಿ ಹಕ್ಕುಪತ್ರ ಪಡೆದ: ಕಲ್ಲಿಗೂ ತಗಡಿಗೂ ನಡುವೆ ಒಂದು ಉರುಳೆಯನ್ನು ಇಡುವುದು, ಕಲ್ಲಿನಿಂದ ಚಿತ್ರವನ್ನು ಉರುಳೆ ಎತ್ತಿಕೊಳ್ಳುವುದು, ಅದು ತಗಡಿಗೆ ಒಪ್ಪಿಸುವುದು. ಮದುವೆ ದಲ್ಲಾಳಿಯ ಕೆಲಸದಂತಿರುವ ಈ ಉಪಾಯವೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಗದಕ್ಕೂ ಬಂದು ‘ಆಫ್‌ಸೆಟ್’ ಎನಿಸಿಕೊಂಡಿತು. ಇಂದು ನಮ್ಮ ಕನ್ನಡ ಪುಸ್ತಕಗಳೂ ವಾರಪತ್ರಿಕೆಗಳೂ ಬಹುಮಟ್ಟಿಗೆ ಅಚ್ಚಾಗುವುದು ಈ ವಿಧಾನದಲ್ಲಿಯೇ. ಬಿಸ್ಕತ್ತಿನ ಡಬ್ಬಿಗೆ ಸಾಹಿತ್ಯಲೋಕ ಇಷ್ಟು ಋಣಿಯಾಗಿದೆಯೆಂದು ಯಾವ ಪುಸ್ತಕ ಬಿಡುಗಡೆಯ ಸಮಾರಂಭದಲ್ಲಿಯೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಋಣದ ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. ಮುದ್ರಣ ಕೈವಶವಾದ ಮೇಲೆ ಕ್ರಿಸ್‌ಮಸ್ಸಿನ ಮಾರಾಟಕ್ಕೆಂದು ವರ್ಷ ವರ್ಷವೂ ಹೊಸ ಹೊಸ ರೂಪದ ಡಬ್ಬಿಗಳು ಬರತೊಡಗಿದವು: ಹೂದಾನಿಯಂಥವು, ಬುಟ್ಟಿಯಂಥವು, ಕೈಚೀಲದಂಥವು. 1901ರ ಒಂದು ಡಬ್ಬಿಯಂತೂ ಎಂಟು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಪಟ್ಟಿ ಬಿಗಿದಂತೆ ಕಾಣುತ್ತದೆ. ಅದರ ಹೆಸರೇ ‘ಸಾಹಿತ್ಯ’. ಅದನ್ನು ಕೊಂಡವರು ಮೊದಲು ಸಾಹಿತ್ಯವನ್ನು ಚಹಾದಲ್ಲಿ ಅದ್ದಿ ತಿಂದು, ಅನಂತರ ಬರಿದಾದ ಸಾಹಿತ್ಯವನ್ನು ಕಪಾಟಿನಲ್ಲಿ ಅಂದವಾಗಿ ಇಟ್ಟುಕೊಂಡಿರಬೇಕು. ಮನೆಯ ಕಪಾಟಿನಲ್ಲಿ ಓದದೆ ಉಳಿದ ಪುಸ್ತಕಗಳನ್ನು ನೋಡುವಾಗಲೆಲ್ಲ ಆ ಡಬ್ಬಿಯ ಪ್ರಾಮಾಣಿಕತೆ ನನಗೆ ನೆನಪಾಗುತ್ತದೆ. ಇದೇ ಹಂಟ್ಲಿ ಅಂಡ್ ಪಾಮರ್ಸ್ ಹೆಸರು ಹೊತ್ತ ಇನ್ನೊಂದು ಡಬ್ಬಿ 1980ರ ಸುಮಾರಿನದು. ಹಳೆಯ ಕಾಲದ ಉದ್ಯಾನವೊಂದರ ಚಹಾಕೂಟವನ್ನು ತೋರಿಸುವ ಆ ಚಿತ್ರದ ಪೊದೆಗಳ ಮರೆಯಲ್ಲಿ ಕಲಾವಿದ ಮಹಾಶಯ ಚಹಾಕೂಟಕ್ಕೆ ತಕ್ಕುದಲ್ಲದ ಕೆಲವು ಚಟುವಟಿಕೆಗಳನ್ನು ಪುಟ್ಟದಾಗಿ ಬರೆದಿಟ್ಟಿದ್ದನಂತೆ. ಕಂಪನಿಗೆ ಅದು ತಿಳಿಯುವಷ್ಟರಲ್ಲಿ ಡಬ್ಬಿಗಳು ಮನೆಮನೆ ಸೇರಿದ್ದವು. ಚಿತ್ರವನ್ನು ಕಣ್ಣಿಟ್ಟು ನೋಡುವವರು ಕಾರ್ಖಾನೆಯಲ್ಲಿಲ್ಲ, ಊಟದ ಮೇಜಿನ ಸುತ್ತ ಇರುತ್ತಾರೆ ಎಂಬುದು ಆ ಕಲಾವಿದನಿಗೆ ತಿಳಿದಿತ್ತೆಂದು ಕಾಣುತ್ತದೆ.

ಆ ಕಾಲದವರ ಜಾಣತನ ಇಷ್ಟೇ: ಕೊಂಡವರ ಮನೆಯಲ್ಲಿ ತಮ್ಮ ಸರಕು ಒಂದು ವಾರ ಇರುತ್ತದೆ, ಡಬ್ಬಿ ಮಾತ್ರ ಎರಡು ತಲೆಮಾರು ಇರುತ್ತದೆ ಎಂದು ಅವರು ಮೊದಲೇ ಅರಿತಿದ್ದರು. ಆದ್ದರಿಂದ ಬರಿದಾದ ಮೇಲಿನ ಬದುಕಿಗಾಗಿಯೇ ಅದನ್ನು ರೂಪಿಸಿದರು. ಈಗ ಡಿಸೆಂಬರಿನಲ್ಲಿ ಬೆಂಗಳೂರಿನ ಯಾವುದೇ ದೊಡ್ಡ ಅಂಗಡಿಗೆ ಹೋದರೂ ಕಾಣುವುದು ಬೇರೆಯದೇ ಜಾಣತನ. ವರ್ಷವಿಡೀ ಮಾರುವ ಅದೇ ಬಿಸ್ಕತ್ತು, ಅದೇ ಚಾಕೊಲೇಟು, ಅದೇ ಸಾಬೂನು. ಮೇಲೊಂದು ಕೆಂಪು ರಟ್ಟಿನ ತೊಡುಗೆ, ಅದರ ಮೇಲೆ ಹಿಮದ ಹರಳು, ಕೊಂಬಿನ ಜಿಂಕೆ, ಜರಿಯ ನಕ್ಷತ್ರ. ತೊಡುಗೆಯನ್ನು ಎಳೆದರೆ ಒಳಗಿನಿಂದ ಹಳೆಯ ಪರಿಚಯದ ಪೊಟ್ಟಣವೇ ಇಣುಕುತ್ತದೆ. ಬಿಸಿಲಿಗೆ ತಲೆ ಕಾಯುವ ಹೊತ್ತಿನಲ್ಲಿ ಕೈಯಲ್ಲಿ ಹಿಮ ಹಿಡಿದು ಹಣ ಕೊಡುವ ಸಾಲಿನಲ್ಲಿ ನಿಂತವನಿಗೆ ಅಜ್ಜಿಯ ಸುಣ್ಣದ ಸಿದ್ಧಾಂತವೇ ಹೆಚ್ಚು ನಂಬಲರ್ಹವೆನಿಸುತ್ತದೆ. ಡಿಸೆಂಬರ್ 26ರ ಬೆಳಗ್ಗೆ ಈ ಜಿಂಕೆಗಳ ಬೆಲೆ ಅರ್ಧಕ್ಕಿಳಿಯುತ್ತದೆ. ಒಳಗಿನ ಬಿಸ್ಕತ್ತು ನಿನ್ನೆಯಷ್ಟೇ ಗರಿಗರಿಯಾಗಿದ್ದರೂ ಹಬ್ಬ ಮುಗಿದ ಮರುದಿನದ ತೋರಣದಂತೆ ಅದು ಬಾಡಿ ಕಾಣುತ್ತದೆ. ಜಿಂಕೆಯಿಲ್ಲದ ಪೊಟ್ಟಣ ಮಾತ್ರ ಪಕ್ಕದಲ್ಲೇ ಪೂರ್ತಿ ಬೆಲೆಗೆ ಧೀರವಾಗಿ ಕುಳಿತಿರುತ್ತದೆ.

ಹಬ್ಬದ ಉಡುಪು ತೊಡಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. 1931ರಿಂದ ದಶಕಗಳ ಕಾಲ ಹ್ಯಾಡನ್ ಸಂಡ್‌ಬ್ಲಾಮ್ ಎಂಬ ಚಿತ್ರಕಾರನಿಂದ ಕೆಂಪಂಗಿಯ ಸಾಂಟಾ ಕ್ಲಾಸನನ್ನು ಬರೆಸಿ, ಆ ಕೆಂಪು ತನ್ನದೇ ಕೆಂಪೇನೋ ಎಂಬ ಭ್ರಮೆ ಹುಟ್ಟಿಸಿದ ಕೋಕಾ-ಕೋಲಾ ಕಂಪನಿ, 2011ರ ಹಬ್ಬದ ಕಾಲಕ್ಕೆ ಅಮೆರಿಕದಲ್ಲಿ ತನ್ನ ಡಬ್ಬಿಗಳನ್ನು ಬಿಳಿಯಾಗಿಸಿತು. ಹಿಮಕರಡಿಗಳ ನೆಲೆಯನ್ನು ಉಳಿಸುವ ಕಾರ್ಯಕ್ಕೆ ಬೆಂಬಲವಾಗಿ ಬಿಳಿಯ ಮೇಲೆ ತಾಯಿ ಕರಡಿ ಮತ್ತು ಮರಿಗಳ ಚಿತ್ರವಿತ್ತು, ಉದ್ದೇಶ ಒಳ್ಳೆಯದೇ. ಆದರೆ ಜನ ಅದನ್ನು ಬೆಳ್ಳಿಬಣ್ಣದ ಡಯಟ್ ಕೋಕ್ ಎಂದು ತಿಳಿದು ಗೊಂದಲಕ್ಕೆ ಬಿದ್ದರು. ಕೆಲವರು ಪಾನೀಯದ ರುಚಿಯೇ ಬದಲಾಗಿದೆ ಎಂದು ದೂರಿದರು. ಹಬ್ಬ ಬರುವುದಕ್ಕೆ ಮೊದಲೇ ಕೆಂಪು ಡಬ್ಬಿಗಳು ಮರಳಿದವು. ನವರಾತ್ರಿಯಲ್ಲಿ ದೇವಿಗೆ ದಿನಕ್ಕೊಂದು ಅಲಂಕಾರ ಮಾಡುವ ನಮ್ಮ ಅರ್ಚಕರನ್ನು ಕೇಳಿದ್ದರೆ ಹೇಳುತ್ತಿದ್ದರು: ಸೀರೆ ಯಾವ ಬಣ್ಣದ್ದಾದರೂ ಇರಲಿ, ಮುಖವನ್ನು ಮಾತ್ರ ಮರೆಸಬಾರದು.

ಅಲಂಕಾರ ಒಳಗಿನ ತಿನಿಸಿನಷ್ಟೇ ರುಚಿಯಾಗಿ ಒದಗಿದ ಉದಾಹರಣೆಯೆಂದರೆ ಕ್ವಾಲಿಟಿ ಸ್ಟ್ರೀಟ್ ಎಂಬ ಮಿಠಾಯಿ ಡಬ್ಬಿ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಮ್ಯಾಕಿಂಟಾಷ್ ಕಂಪನಿ 1936ರಲ್ಲಿ ಇದನ್ನು ಆರಂಭಿಸಿದಾಗ ಪೆಟ್ಟಿಗೆಯ ಚಾಕೊಲೇಟು ಉಳ್ಳವರ ವಸ್ತುವಾಗಿತ್ತು. ಸಾಮಾನ್ಯರ ಮನೆಗೂ ಅದು ಹೋಗಲೆಂದು ಒಂದೊಂದು ಮಿಠಾಯಿಗೂ ಒಂದೊಂದು ಬಣ್ಣದ ಮಿರುಗುವ ಕಾಗದ ಸುತ್ತಿ, ಎಲ್ಲವನ್ನೂ ಒಟ್ಟಿಗೆ ತಗಡಿನ ಡಬ್ಬಿಗೆ ಸುರಿದರು. ಮುಚ್ಚಳ ತೆರೆದರೆ ಮೊದಲು ಪರಿಮಳ, ಆಮೇಲೆ ಬಣ್ಣ, ಕೈ ಹಾಕಿದರೆ ಕಾಗದದ ಸರಸರ ಸದ್ದು. ಬಾಯಿಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಆ ಪಾರದರ್ಶಕ ಬಣ್ಣದ ಹಾಳೆಯನ್ನು ಕಣ್ಣಿಗೆ ಹಿಡಿದು ಜಗತ್ತನ್ನು ನೇರಳೆಯಾಗಿ ನೋಡಿದ ಮಕ್ಕಳು ಎಷ್ಟು ತಲೆಮಾರಿನವರೋ. 2022ರಲ್ಲಿ ಆ ಹೊದಿಕೆಗಳನ್ನು ಮರುಬಳಕೆಗೆ ಒಗ್ಗುವ ಮೇಣದ ಕಾಗದಕ್ಕೆ ಬದಲಾಯಿಸಲಾಯಿತು. ಅದು ಸರಿಯಾದ ನಿರ್ಧಾರವೆಂದು ನನ್ನ ವಿವೇಕ ಒಪ್ಪುತ್ತದೆ; ಆದರೆ ಮೇಣದ ಕಾಗದದ ಮೂಲಕ ಏನೂ ಕಾಣಿಸುವುದಿಲ್ಲವಲ್ಲ ಎಂದು ವಿವೇಕಕ್ಕಿಂತ ಹಳೆಯದಾದ ಇನ್ನೇನೋ ಒಳಗೆ ಗೊಣಗುತ್ತದೆ.

ಡಬ್ಬಿ ತಿನಿಸನ್ನು ಪೂರ್ತಿಯಾಗಿ ಗೆದ್ದುಬಿಟ್ಟ ಪ್ರಸಂಗವೂ ಉಂಟು. ದಕ್ಷಿಣ ಆಫ್ರಿಕದ ಯುದ್ಧದಲ್ಲಿದ್ದ ಸೈನಿಕರಿಗೆ ವಿಕ್ಟೋರಿಯಾ ರಾಣಿ 1900ರ ಹೊಸ ವರ್ಷದ ಉಡುಗೊರೆಯಾಗಿ ಲಕ್ಷಕ್ಕೂ ಮಿಕ್ಕಿ ಚಾಕೊಲೇಟು ಡಬ್ಬಿಗಳನ್ನು ಕಳುಹಿಸಿದಳು. ಚಾಕೊಲೇಟು ಮಾಡಿಕೊಟ್ಟ ಕ್ಯಾಡ್ಬರಿ, ಫ್ರೈ, ರೌಂಟ್ರೀ ಮನೆತನದವರು ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರಾದ್ದರಿಂದ ಡಬ್ಬಿಯ ಮೇಲೆ ತಮ್ಮ ಹೆಸರು ಹಾಕಿಸಲಿಲ್ಲ. ಅಲ್ಲಿದ್ದದ್ದು ರಾಣಿಯ ಮುಖ ಮತ್ತು ಅವಳ ಕೈಬರಹದ ಹಾರೈಕೆ. ಹಲವು ಸೈನಿಕರು ಅದನ್ನು ತಿನ್ನದೆ ಊರಿಗೆ ಅಂಚೆಯಲ್ಲಿ ಕಳಿಸಿದರು. 2021ರಲ್ಲಿ ನಾರ್ಫಕ್‌ನ ಆಕ್ಸ್‌ಬರ್ಗ್ ಹಾಲ್ ಎಂಬ ಬಂಗಲೆಯ ಅಟ್ಟದಲ್ಲಿ, ಶಿರಸ್ತ್ರಾಣದ ಪೆಟ್ಟಿಗೆಯೊಳಗೆ, ಅಂಥದೊಂದು ಡಬ್ಬಿ ಚಾಕೊಲೇಟಿನ ಸಮೇತ ಸಿಕ್ಕಿತು. ನೂರಿಪ್ಪತ್ತು ವರ್ಷ ಬರಿದಾಗದೆ ಉಳಿದ ಆ ಡಬ್ಬಿಗೆ ರಸೀದಿ, ಗುಂಡಿ, ಸೂಜಿದಾರಗಳ ಎರಡನೆಯ ಬದುಕು ದಕ್ಕಲೇ ಇಲ್ಲವೆಂದು ನನಗೆ ಕೊಂಚ ವ್ಯಥೆಯಾಯಿತು.

ಕಳೆದ ಡಿಸೆಂಬರಿನಲ್ಲಿ ನಾನೂ ಒಂದು ಡಬ್ಬಿ ಕೊಂಡೆ. ರಟ್ಟಿನದಲ್ಲ, ತಗಡಿನದೇ, ಮುಚ್ಚಳದ ಮೇಲೆ ಸಾರೋಟು, ಹಿಮ, ಗೋಪುರ ಎಲ್ಲವೂ ಇವೆ. ಮನೆಯ ತೆರಿಗೆ ರಸೀದಿಗಳನ್ನು ಅದಕ್ಕೆ ಒಪ್ಪಿಸಬೇಕೆಂದು ಒಂದೇ ವಾರದಲ್ಲಿ ಬಿಸ್ಕತ್ತು ಮುಗಿಸುವ ಸಂಕಲ್ಪ ಮಾಡಿದ್ದೆ. ಆದರೆ ಅದರ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತದೆ. ಮುಂದಿನ ಮಳೆಗಾಲಕ್ಕೆ ಅದನ್ನು ನಂಬಿ ಕಾಗದಪತ್ರ ಇಡುವ ಧೈರ್ಯ ನನಗೆ ಬರಲಿಲ್ಲ. ಹಾಗಾಗಿ ಅದರಲ್ಲಿ ಸದ್ಯಕ್ಕೆ ಬಿಸ್ಕತ್ತನ್ನೇ ಇಟ್ಟಿದ್ದೇನೆ.