ಸ್ಪಷ್ಟನೆ: ಲಿಸ್ಪ್‌ನ ‘ಈಕ್ಯೂ’ ಸ್ಟ್ರಿಂಗ್‌ಗಳ ಅಕ್ಷರಗಳನ್ನು ಹೋಲಿಸುವುದಿಲ್ಲ

ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಸ್ಟ್ರಿಂಗ್‌ಗಳು (ಅಕ್ಷರಗಳ ಸಾಲುಗಳು) ಸಮವೇ ಎಂದು ಪರೀಕ್ಷಿಸಲು ‘ಈಕ್ಯೂ’ (eq) ಸಾಕು, ಅದು ಅಕ್ಷರಗಳನ್ನು ಹೋಲಿಸುವ ‘ಈಕ್ವಲ್’ನ (equal) ವೇಗದ ರೂಪವಷ್ಟೇ ಎಂಬ ಮಾತು ಕಲಿಯುವವರ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ. ‘ಈಕ್ಯೂ’ ನೋಡುವುದು ಎರಡೂ ಕಡೆ ಇರುವುದು ಒಂದೇ ವಸ್ತುವೇ ಎಂಬುದನ್ನು ಮಾತ್ರ. ಅಕ್ಷರಗಳ ಗೊಡವೆಗೆ ಅದು ಹೋಗುವುದಿಲ್ಲ.

ತಪ್ಪು ತಿಳಿವಳಿಕೆಗೆ ಕಾರಣವೂ ಇದೆ. ಒಂದೇ ಕಡತದಲ್ಲಿ "ಹಂಪಿ" ಎಂದು ಎರಡು ಕಡೆ ಬರೆದು ಕಂಪೈಲ್ ಮಾಡಿದಾಗ, ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಎರಡನ್ನೂ ಒಂದೇ ಸ್ಟ್ರಿಂಗ್ ಆಗಿಸಲು ಭಾಷೆಯ ನಿಯಮ ಅವಕಾಶ ಕೊಡುತ್ತದೆ. ಆಗ ‘ಈಕ್ಯೂ’ ನಿಜ ಎನ್ನುತ್ತದೆ. ಅದೇ ಪದವನ್ನು ಬಳಕೆದಾರರು ಕೀಲಿಮಣೆಯಿಂದ ಕೊಟ್ಟರೆ ಹೊಸ ಸ್ಟ್ರಿಂಗ್ ಹುಟ್ಟುತ್ತದೆ, ಉತ್ತರ ಸುಳ್ಳಾಗುತ್ತದೆ. ಪರೀಕ್ಷೆಯಲ್ಲಿ ಗೆದ್ದು ಬಳಕೆಯಲ್ಲಿ ಸೋಲುವ ಇಂಥ ದೋಷ ಹುಡುಕುವುದು ಬಹಳ ತ್ರಾಸದ ಕೆಲಸ.

ಸಿಂಬಲ್‌ಗಳ, ಅಂದರೆ ಲಿಸ್ಪ್‌ನಲ್ಲಿ ಹೆಸರುಗಳಾಗಿ ಬಳಸುವ ವಸ್ತುಗಳ, ವಿಷಯ ಬೇರೆ. ಒಂದು ಹೆಸರನ್ನು ಓದಿದಾಗ ಲಿಸ್ಪ್ ಅದನ್ನು ಪ್ಯಾಕೇಜಿನಲ್ಲಿ (ಸಿಂಬಲ್‌ಗಳ ಪಟ್ಟಿಯಲ್ಲಿ) ಹುಡುಕಿ, ಈಗಾಗಲೇ ಇದ್ದರೆ ಅದೇ ಸಿಂಬಲ್ಲನ್ನು ಮರಳಿಸುವುದರಿಂದ ಅಲ್ಲಿ ‘ಈಕ್ಯೂ’ ಸರಿಯಾದ ಆಯ್ಕೆ. ಆದರೆ ‘ಮೇಕ್-ಸಿಂಬಲ್’ನಿಂದ ಮಾಡಿದವು ಯಾವ ಪ್ಯಾಕೇಜಿಗೂ ಸೇರದ ಕಾರಣ ಹೆಸರು ಒಂದೇ ಇದ್ದರೂ ಬೇರೆ ಬೇರೆ.

ಸ್ಟ್ರಿಂಗ್‌ಗಳಿಗೆ ‘ಈಕ್ವಲ್’ ಅಥವಾ ‘ಸ್ಟ್ರಿಂಗ್=’ ಬಳಸಬೇಕು; ಇಂಗ್ಲಿಷಿನ ದೊಡ್ಡ-ಚಿಕ್ಕ ಅಕ್ಷರಗಳ ಭೇದ ಬೇಡವಾದಾಗ ‘ಸ್ಟ್ರಿಂಗ್-ಈಕ್ವಲ್’ ಇದೆ. ‘ಸ್ಟ್ರಿಂಗ್=’ ಸಿಂಬಲ್ಲನ್ನೂ ಸ್ವೀಕರಿಸಿ ಅದರ ಹೆಸರನ್ನು ಹೋಲಿಸುತ್ತದೆ. ಖಾಲಿ ಎಂಬುದನ್ನು ಸೂಚಿಸುವ ‘ನಿಲ್’ ಕೂಡ ಸಿಂಬಲ್ಲೇ ಆದ್ದರಿಂದ, ಖಾಲಿ ಬಂದ ಮೌಲ್ಯ ಇಂಗ್ಲಿಷ್ ದೊಡ್ಡಕ್ಷರಗಳ "NIL" ಎಂಬ ಸ್ಟ್ರಿಂಗಿಗೆ ಸದ್ದಿಲ್ಲದೆ ಸಮವಾಗಿಬಿಡುತ್ತದೆ. ‘ಈಕ್ವಲ್’ನಲ್ಲಿ ಈ ತೊಡಕಿಲ್ಲ.